ಕಂಪ್ಯೂಟರ್ ಆನ್ ಆಗದಿದ್ದರೆ ಗೋಡೆಯಿಂದ ಶುರು ಮಾಡು

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು, ಹೊಳಲ್ಕೆರೆಯ ಮನೆಯಲ್ಲಿ ಕೂತು ಕಂಪ್ಯೂಟರ್ ಜೋಡಿಸಿದ್ದೀಯ. ಬಹಳ ಸಂತೋಷ ತಮ್ಮಾ. ಬಟನ್ ಒತ್ತಿದರೆ ಫ್ಯಾನ್ ತಿರುಗಲಿಲ್ಲ, ಲೈಟ್ ಹತ್ತಲಿಲ್ಲ ಅಂತ ಮದರ್‌ಬೋರ್ಡ್ ಸುಟ್ಟಿತು ಎಂದು ತೀರ್ಮಾನಿಸಬೇಡ. ಗೋಡೆಯ ಸಾಕೆಟ್‌ನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ನೋಡುತ್ತಾ ಬಾ. ದೋಷ ಯಾವುದೆಂದು ಗೊತ್ತಾಗುವ ಮೊದಲು ಹೊಸ ಭಾಗಕ್ಕೆ ದುಡ್ಡು ಹಾಕಬೇಡ.

• ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆದು ನೇರ ಗೋಡೆಯ ಸಾಕೆಟ್‌ಗೆ ಚುಚ್ಚು. ಅದೇ ಸಾಕೆಟ್‌ನಲ್ಲಿ ಟೇಬಲ್ ಫ್ಯಾನ್ ಓಡುತ್ತದೆಯೇ ನೋಡು. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಹಿಂಭಾಗದ ಸಣ್ಣ ಸ್ವಿಚ್ ಸೊನ್ನೆಯ ಕಡೆ ಇದ್ದರೆ ಆಫ್, ಗೀಟಿನ ಕಡೆ ಇದ್ದರೆ ಆನ್. ಹಳೆಯದಾದರೆ 115/230 ಎಂಬ ಕೆಂಪು ಸ್ವಿಚ್ ಇರಬಹುದು, ಅದು 230ರಲ್ಲೇ ಇರಬೇಕು.

• ತೋಟದ ಮನೆಯಾದರೆ ವೋಲ್ಟೇಜ್ ಅಳೆ. ತ್ರೀ ಫೇಸ್ ಬಂದ ಕೂಡಲೇ ಅಡಿಕೆ ತೋಟಗಳ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಬಲ್ಬು ಮಂಕಾಗುತ್ತದೆ. ಎಸ್‌ಎಂಪಿಎಸ್ ಲೇಬಲ್ ಮೇಲೆ 100–240 ಎಂದಿದ್ದರೆ ತಡೆದುಕೊಳ್ಳುತ್ತದೆ. 200–240 ಎಂದಿದ್ದರೆ ಬೇಸಿಗೆಯ ಸಂಜೆ ಏಳದಿರುವುದು ಸಹಜ. ರಾತ್ರಿ ಹನ್ನೊಂದಕ್ಕೆ ಒಮ್ಮೆ ಒತ್ತಿ ನೋಡು.

• ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಅದನ್ನು ಕಡೆಗಣಿಸಬೇಡ, ಅರ್ಥಿಂಗ್ ಇಲ್ಲ ಎಂಬುದಕ್ಕೆ ಅದೇ ಸೂಚನೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ತಗಡಿಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಮೂರನೇ ಪಿನ್ ಭೂಮಿಗೆ ಸೇರದಿದ್ದರೆ ತಗಡಿನ ಮೇಲೆ ಹೆಚ್ಚುಕಡಿಮೆ 115 ವೋಲ್ಟ್ ನಿಲ್ಲುತ್ತದೆ, ಟೆಸ್ಟರ್ ಮಿಣಮಿಣ ಹತ್ತುತ್ತದೆ. ಕರೆಂಟ್ ಅತ್ಯಲ್ಪ, ಆದರೂ ಅದೇ ಸ್ಥಿತಿಯಲ್ಲಿ ಪೆನ್‌ಡ್ರೈವ್, ಟಿವಿ ಕೇಬಲ್ ಚುಚ್ಚಿದರೆ ಪೋರ್ಟ್ ಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಸು. ನಮ್ಮ ಸೀಮೆಯ ಒಣ ನೆಲಕ್ಕೆ ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೇ ಜೋಡಿಸಿಕೊಡುತ್ತೇನೆ ಎನ್ನುವವನನ್ನು ಅಲ್ಲಿಂದಲೇ ಕಳಿಸಿಬಿಡು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಕ್ಯಾಬಿನೆಟ್‌ಗೆ 230 ವೋಲ್ಟ್ ಏರುತ್ತದೆ.

• ಗೋಡೆ ಸರಿಯಿದ್ದರೆ ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆ. ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಕೊಕ್ಕೆ ಕಟ್ ಅನ್ನುವವರೆಗೂ ಒತ್ತು. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕೇಬಲ್ ಮರೆಯುವವರೇ ಹೆಚ್ಚು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಹಾಗೇ ಇರುತ್ತದೆ, ಅದನ್ನು ಅಲ್ಲಿಗೆ ತುರುಕಬೇಡ. ರ‍್ಯಾಮ್ ತೆಗೆದು ಮತ್ತೆ ಕೂರಿಸು.

• ಬೇರೆ ಎಸ್‌ಎಂಪಿಎಸ್ ಜತೆ ಬಂದ ಬಿಚ್ಚುವ ಕೇಬಲ್ ಬಳಸಲೇಬೇಡ. ತುದಿ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಎಸ್‌ಎಸ್‌ಡಿ ಅಲ್ಲೇ ಸುಡುತ್ತದೆ.

• ಕ್ಯಾಬಿನೆಟ್‌ನ ಬಟನ್ನೇ ಕೆಟ್ಟಿರಬಹುದು. ಪವರ್ ಸ್ವಿಚ್ ಎಂದು ಮ್ಯಾನ್ಯುಯಲ್ ತೋರಿಸುವ ಎರಡು ಪಿನ್‌ಗಳಿಂದ ವೈರ್ ಕಿತ್ತು, ಪ್ಲಗ್ ಮತ್ತೆ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಅವೆರಡನ್ನೂ ಒಮ್ಮೆ ಮುಟ್ಟಿಸಿ ಬಿಡು. ಯಂತ್ರ ಎದ್ದರೆ ತಪ್ಪು ಬಟನ್‌ನದು. ಸದ್ಯಕ್ಕೆ ರೀಸೆಟ್ ಬಟನ್ನಿನ ವೈರನ್ನು ಆ ಜಾಗಕ್ಕೆ ಹಾಕಿಕೊಂಡು ಕೆಲಸ ನಡೆಸು.

• ಆದರೂ ಏಳಲಿಲ್ಲವೇ? ಪ್ಲಗ್ ಕಿತ್ತು ಎಸ್‌ಎಂಪಿಎಸ್‌ನ ಎಲ್ಲ ಕೇಬಲ್ ಬಿಡಿಸು, ಒಂದು ಕ್ಯಾಬಿನೆಟ್ ಫ್ಯಾನ್ ಮಾತ್ರ ಅದಕ್ಕೆ ಜೋಡಿಸು. 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಪಕ್ಕದ ಕಪ್ಪು ವೈರ್‌ಗೆ ಸೇರುವಂತೆ ಪೇಪರ್ ಕ್ಲಿಪ್ ಬಗ್ಗಿಸಿ ಇಟ್ಟು, ಆಮೇಲೆ ಕರೆಂಟ್ ಕೊಡು. ವೈರೆಲ್ಲ ಕಪ್ಪಾಗಿದ್ದರೆ 16ನೇ ಪಿನ್ ಹಸಿರಿನದು, ಅದರ ಎರಡೂ ಪಕ್ಕ ಗ್ರೌಂಡ್. ಎಸ್‌ಎಂಪಿಎಸ್‌ನ ಸ್ವಂತ ಫ್ಯಾನ್ ನಂಬಬೇಡ, ಲೋಡ್ ಕಡಿಮೆಯಿದ್ದಾಗ ತಿರುಗದಂತೆ ಮಾಡಿರುವ ಮಾದರಿಗಳಿವೆ. ನೀನು ಜೋಡಿಸಿದ ಫ್ಯಾನ್ ತಿರುಗಲಿಲ್ಲ ಎಂದರೆ ಎಸ್‌ಎಂಪಿಎಸ್ ಹೋಗಿದೆ. ಅದನ್ನು ಮಾತ್ರ ಬಿಚ್ಚಬೇಡ ತಮ್ಮಾ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ 300 ವೋಲ್ಟ್ ಮೀರಿ ಹಿಡಿದುಕೊಂಡಿರಬಹುದು.

• ಎಸ್‌ಎಂಪಿಎಸ್ ಸರಿಯಿದ್ದು, ಕೇಬಲ್ ಎಲ್ಲ ಮತ್ತೆ ಹಾಕಿ ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಎಲ್ಲೋ ಶಾರ್ಟ್ ಇರಬಹುದು. ಪ್ಲಗ್ ಕಿತ್ತು, ಬೋರ್ಡನ್ನು ಹೊರತೆಗೆದು ಒಣ ರಟ್ಟಿನ ಪೆಟ್ಟಿಗೆ ಮೇಲಿಡು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಇಷ್ಟೇ ಇರಲಿ. ಅಲ್ಲಿ ಎದ್ದರೆ ಕ್ಯಾಬಿನೆಟ್ ತಗಡಿನ ಮೇಲೆ ಕಣ್ಣಾಡಿಸು. ಬೋರ್ಡಿನಲ್ಲಿ ತೂತಿಲ್ಲದ ಕಡೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಒಂದು ಹೆಚ್ಚಿಗೆ ನಿಂತಿರುತ್ತದೆ, ಇಲ್ಲವೇ ಉದುರಿದ ಸ್ಕ್ರೂ ಕೆಳಗೆ ಸಿಕ್ಕಿಕೊಂಡಿರುತ್ತದೆ. ಅಲ್ಲೂ ಏಳದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್. ಅದನ್ನು ಇನ್ನೊಂದು ಕೆಲಸ ಮಾಡುವ ಯಂತ್ರವಿರುವ ಅಂಗಡಿಯಲ್ಲೇ ನೋಡಿಸಬೇಕು.

• ಏಪ್ರಿಲ್-ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳು, ಇಂಟರ್‌ನೆಟ್‌ನ ಲ್ಯಾನ್ ಕೇಬಲನ್ನೂ ಕೀಳು. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

• ಬಿಲ್, ಡಬ್ಬಿ, ಸೀರಿಯಲ್ ನಂಬರ್ ಸ್ಟಿಕ್ಕರಿನ ಫೋಟೊ ಜೋಪಾನ. ಪ್ರೊಸೆಸರ್ ಸಾಕೆಟ್ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಕಸಕ್ಕೆ ಹಾಕಿರಬೇಡ. ವಾರಂಟಿಗೆ ಬೋರ್ಡ್ ಕಳಿಸುವಾಗ ಅದನ್ನು ಮತ್ತೆ ಹಾಕಿಯೇ ಕಳಿಸಬೇಕು. ಸಾಕೆಟ್ ಪಿನ್ ಬಾಗಿ ಹೋದರೆ ವಾರಂಟಿ ಕೊಡುವುದಿಲ್ಲ.