ಪ್ರವೇಶ ಪರೀಕ್ಷೆ: ಓದುವ ಕ್ರಮ, ಬರೆಯುವ ಕ್ರಮ

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೇ ಮೊದಲಾದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಭಾಷಾ ಪತ್ರಿಕೆಗೆ ಕನ್ನಡವನ್ನೂ ಆರಿಸಿಕೊಳ್ಳಬಹುದಾದುದರಿಂದ ವನಗೂರಿನಂತಹ ಮಲೆನಾಡಿನ ಊರಿನ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿದೆ. 2025ರ ಪರೀಕ್ಷಾಕ್ರಮದಲ್ಲಿ 50 ಪ್ರಶ್ನೆಗಳಿಗೆ 60 ನಿಮಿಷ. ಸರಿಯುತ್ತರಕ್ಕೆ 5 ಅಂಕ, ತಪ್ಪುತ್ತರಕ್ಕೆ 1 ಅಂಕದ ಕಡಿತ. ಗದ್ಯಭಾಗವನ್ನು ಓದಿ ಗ್ರಹಿಸುವುದು ಇದರ ಮುಖ್ಯ ಅಂಗ.

ಇಲ್ಲಿ ಜಾಣರೂ ಎಡವುವ ಸ್ಥಳವೊಂದುಂಟು. "ಕಾಫಿ ಗಿಡಕ್ಕೆ ನೆರಳು ಬೇಕು, ಆದರೆ ನೆರಳು ಅತಿಯಾದರೆ ಫಸಲು ತಗ್ಗುತ್ತದೆ" ಎಂದು ಗದ್ಯಭಾಗದಲ್ಲಿದೆಯೆನ್ನೋಣ. 'ನೆರಳಿನ ಮರ ಮೆಣಸಿನ ಬಳ್ಳಿಗೂ ಆಸರೆ' ಎಂಬುದು ಕೊಟ್ಟ ಉತ್ತರಗಳಲ್ಲೊಂದು. ತೋಟದ ನಡುವೆ ಬೆಳೆದವರಿಗೆ ಅದು ನಿಜವೆಂದು ಗೊತ್ತು. ಗದ್ಯಭಾಗ ಮಾತ್ರ ಅದನ್ನು ಹೇಳಿಲ್ಲ. ಆದುದರಿಂದ ಅದು ತಪ್ಪುತ್ತರ. ಪ್ರತಿ ಉತ್ತರಕ್ಕೂ ಆಧಾರವಾದ ವಾಕ್ಯವನ್ನು ಬೆರಳಿಟ್ಟು ತೋರಿಸುವ ಅಭ್ಯಾಸ ಬೇಕು. 'ಆದರೆ', 'ಮಾತ್ರ', 'ಹೊರತು' ಎಂಬ ಪದಗಳ ಬಳಿ ತಡೆದು ಓದಬೇಕು. ಅರ್ಥ ತಿರುಗುವುದು ಅಲ್ಲಿಯೇ.

ಈ ಪರೀಕ್ಷೆಯಲ್ಲಿ ಪ್ರಬಂಧವಿಲ್ಲ, ದ್ವಿತೀಯ ಪಿ.ಯು.ಸಿ. ಕನ್ನಡ ಪತ್ರಿಕೆಯಲ್ಲಿ ಉಂಟು. ಓದುವಾಗ ಬದಿಗಿರಿಸಿದ ಸ್ವಂತ ಅರಿವೇ ಅಲ್ಲಿ ಬಂಡವಾಳ. 'ಪರಿಸರ ಸಂರಕ್ಷಣೆ'ಯನ್ನು ಕುರಿತು ಎಲ್ಲರೂ ಬರೆಯುವ ಮಾತುಗಳಿಗಿಂತ, ಮರ ಕಡಿದ ಇಳಿಜಾರಿನಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗುವ ಬಗೆಯನ್ನು ವಿವರಿಸುವ ಒಂದು ಕಂಡಿಕೆ ಹೆಚ್ಚು ತೂಗುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರಗಳಿಗೆ ಒಂದೊಂದು ಸಾಲಿನ ಟಿಪ್ಪಣಿಯನ್ನು ಮೊದಲೇ ಮಾಡಿಕೊಳ್ಳತಕ್ಕದ್ದು.

ದಿನಕ್ಕೊಂದು ಸಂಪಾದಕೀಯವನ್ನು ಓದಿ, ಅದರ ಸಾರವನ್ನು 3 ವಾಕ್ಯಗಳಲ್ಲಿ ಬರೆದು, ಕೆಳಗೆ ತನ್ನ ಅಭಿಪ್ರಾಯವನ್ನು ಬೇರೆಯಾಗಿ ಬರೆಯುವ ವಿದ್ಯಾರ್ಥಿಗೆ ಎರಡೂ ಕೈಗೂಡುತ್ತವೆ. ಪರರ ಮಾತು ಯಾವುದು, ತನ್ನ ಮಾತು ಯಾವುದು ಎಂಬ ವಿವೇಕವೇ ವಿದ್ಯೆಯ ಮೊದಲ ಮೆಟ್ಟಿಲು.