ತಣ್ಣಗಿದ್ದರೆ ಸಾಲದು, ಎಷ್ಟು ತಣ್ಣಗೆ ಅಂತ ಗೊತ್ತಿರಲಿ

ಹಾಲು, ಮೊಸರು, ಪನೀರ್, ಐಸ್‌ಕ್ರೀಂ ಇಟ್ಟು ಮಾರುವವರೇ, ಮೆಡಿಕಲ್ ಸ್ಟೋರ್ ನಡೆಸುವವರೇ, ಸ್ವಲ್ಪ ಇತ್ತ ಕಿವಿ ಕೊಡಿ. ಫ್ರಿಜ್ ಬಾಗಿಲು ತೆಗೆದು, ಪ್ಯಾಕೆಟ್ ಮುಟ್ಟಿ ನೋಡಿ, ‘ತಣ್ಣಗಿದೆ ಬಿಡಿ’ ಅನ್ನುತ್ತೀರಲ್ಲ, ಆ ಅಭ್ಯಾಸ ಇವತ್ತೇ ಬಿಡಿ. 4 ಡಿಗ್ರಿಯೂ ಕೈಗೆ ತಣ್ಣಗೇ, 10 ಡಿಗ್ರಿಯೂ ತಣ್ಣಗೇ. ಆದರೆ 10ರಲ್ಲಿಟ್ಟ ಹಾಲು ಬೇಗ ಒಡೆಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಹಾಲು, ಪನೀರ್, ಹಸಿ ಮಾಂಸ 5 ಡಿಗ್ರಿ ಸೆಲ್ಸಿಯಸ್ ಒಳಗೆ. ಐಸ್‌ಕ್ರೀಂ, ಫ್ರೋಜನ್ ಬಟಾಣಿ ಮೈನಸ್ 18ರಲ್ಲಿ. ತೆರೆಯದ ಇನ್ಸುಲಿನ್ ಮತ್ತು ಹೆಚ್ಚಿನ ಲಸಿಕೆಗಳು 2ರಿಂದ 8ರ ನಡುವೆ. 5 ದಾಟಿ 60ರವರೆಗಿನ ಶಾಖ ರೋಗಾಣುಗಳಿಗೆ ಹಬ್ಬ. ಅನುಕೂಲ ಒದಗಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅವು ಬಿಟ್ಟ ವಿಷ ಮತ್ತೆ ತಣ್ಣಗೆ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇನ್ನೊಂದು ವಿಷಯಕ್ಕೆ ನಿಮ್ಮನ್ನು ಬೈಯಲೇಬೇಕು. ಕರೆಂಟ್ ಬಿಲ್ ಉಳಿಯಲಿ ಅಂತ ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ, ಬೆಳಿಗ್ಗೆ ಬಂದು ಹಾಕುತ್ತೀರಿ. ಹೊತ್ತೇರುವಷ್ಟರಲ್ಲಿ ಎಲ್ಲ ಮತ್ತೆ ತಣ್ಣಗಾಗಿರುತ್ತದೆ, ಯಾರಿಗೂ ಗೊತ್ತಾಗಲಿಲ್ಲ ಅಂದುಕೊಳ್ಳುತ್ತೀರಿ. ಒಂದು ಐಸ್‌ಕ್ರೀಂ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಮೇಲೆಲ್ಲ ಹರಳುಹರಳಾದ ಮಂಜು, ಅಂಚು ಬಿಟ್ಟು ಕೆಳಗಿಳಿದ ಕ್ರೀಂ, ಬಾಯಿಗಿಟ್ಟರೆ ಹಲ್ಲಿಗೆ ಕರಕರ. ಕರಗಿ ಮತ್ತೆ ಗಟ್ಟಿಯಾದದ್ದಕ್ಕೆ ಇದೇ ಸಾಕ್ಷಿ. ಗಿರಾಕಿ ಜಗಳಕ್ಕೆ ಬರುವುದಿಲ್ಲ, ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಫ್ರಿಜ್‌ಗೆ ಬೇರೆಯೇ ಲೈನ್ ಹಾಕಿಸಿ, ಆ ಸ್ವಿಚ್ ಮೇಲೆ ಟೇಪ್ ಅಂಟಿಸಿ.

ಆಮೇಲೆ ಒಂದು ಟೆಂಪರೇಚರ್ ಸೆನ್ಸರ್ ತಂದು ಒಳಗಿಡಿ. ಅದರ ತುದಿಯಲ್ಲಿ ಸಾಮಾನ್ಯವಾಗಿ ಥರ್ಮಿಸ್ಟರ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಶಾಖ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಜೊತೆಗಿರುವ ಲಾಗರ್, ಅಂದರೆ ದಾಖಲೆ ಬರೆಯುವ ಸಾಧನ, ಅದನ್ನು ಡಿಗ್ರಿಯ ಲೆಕ್ಕಕ್ಕೆ ತಂದು ಕೆಲವು ನಿಮಿಷಕ್ಕೊಮ್ಮೆ ಬರೆದಿಡುತ್ತದೆ, ಮಿತಿ ದಾಟಿದರೆ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಇದು ದೊಡ್ಡ ಕಂಪನಿಯವರ ಬಾಬತ್ತು ಅನ್ನಬೇಡಿ. ನಮ್ಮ ದೇಶದ ಸರ್ಕಾರಿ ಲಸಿಕಾ ದಾಸ್ತಾನುಗಳಲ್ಲಿ 2015ರಿಂದ ಹಂತಹಂತವಾಗಿ ಬಂದ ಇ-ವಿನ್ ವ್ಯವಸ್ಥೆ ಮಾಡುವ ಕೆಲಸಗಳಲ್ಲಿ ಇದೂ ಒಂದು. ಹಳ್ಳಿಯ ಆರೋಗ್ಯ ಕೇಂದ್ರದ ಫ್ರಿಜ್‌ಗೆ ಬೇಕಾದ ಕಾವಲು ನಿಮ್ಮ ಅಂಗಡಿಯದಕ್ಕೂ ಬೇಕು.

ತಂದ ಸೆನ್ಸರನ್ನು ಎಲ್ಲೋ ಒಂದು ಕಡೆ ತುರುಕಿಬಿಡಬೇಡಿ. ಬಾಗಿಲ ಬಳಿ ಇಟ್ಟರೆ ಬಾಗಿಲು ತೆಗೆದಾಗಲೆಲ್ಲ ಕಿರುಚುತ್ತದೆ, ತಣ್ಣನೆ ಗಾಳಿ ಬರುವ ಕಿಂಡಿಗೆ ಹಿಡಿದರೆ ಎಲ್ಲ ಸರಿಯಿದೆ ಅಂತ ಸುಳ್ಳು ಹೇಳುತ್ತದೆ. ನಡುವಿನ ಅರೆಯಲ್ಲಿ, ಸರಕಿನ ಮಧ್ಯೆ, ಗೋಡೆಗೆ ತಾಗದಂತೆ ಇಡಿ. ಔಷಧಿಯ ಫ್ರಿಜ್ ಆದರೆ ತುದಿಯನ್ನು ಗ್ಲೈಕಾಲ್ ಎಂಬ ದ್ರವ ತುಂಬಿದ ಪುಟ್ಟ ಶೀಶೆಯಲ್ಲಿ ಮುಳುಗಿಸಿ. ಆಗ ಅದು ಹಾದುಹೋಗುವ ಗಾಳಿಯ ಶಾಖದ ಬದಲು ಪಕ್ಕದ ಔಷಧಿಯ ಶಾಖಕ್ಕೆ ಹತ್ತಿರದ ಲೆಕ್ಕ ಕೊಡುತ್ತದೆ. ಅಂದಹಾಗೆ, ಸರಕನ್ನು ಗಾಳಿಯಾಡದ ಹಾಗೆ ಒತ್ತೊತ್ತಾಗಿ ತುಂಬಿದರೆ ಯಾವ ಸೆನ್ಸರೂ ನಿಮ್ಮನ್ನು ಕಾಪಾಡದು.

ಅದು ಸರಿಯಾಗಿ ಅಳೆಯುತ್ತದೋ ಇಲ್ಲವೋ ನೀವೇ ನೋಡಬಹುದು. ನೀರು ತಡೆಯುವ ತುದಿಯಿರುವ ಸೆನ್ಸರೇ ಆಗಿರಲಿ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟೇ ನೀರು ಹೊಯ್ದು ಕಲಕಿ. ಸೆನ್ಸರ್ ತುದಿ ಲೋಟಕ್ಕೆ ತಾಗದಂತೆ ನಡುವೆ ಹಿಡಿದು ಕೆಲವು ನಿಮಿಷ ಕಾಯಿರಿ. ಸೊನ್ನೆಯ ಆಸುಪಾಸಿಗೆ ಬಂದು ನಿಲ್ಲಬೇಕು. 2 ಡಿಗ್ರಿ ಆಚೀಚೆ ತೋರಿಸಿದರೆ ಸರಿಮಾಡಿಸಿ, ಇಲ್ಲವೇ ಬದಲಿಸಿ.

ಹಲವರು ಮರೆಯುವ ಮಾತು ಒಂದಿದೆ. ಕರೆಂಟ್ ಹೋದಾಗ ನಿಮ್ಮ ವೈಫೈ ರೂಟರೂ ಸತ್ತಿರುತ್ತದೆ. ಎಚ್ಚರಿಕೆ ಬೇಕಾದ ಹೊತ್ತಿಗೇ ಸುದ್ದಿ ಬರುವುದಿಲ್ಲ! ಬ್ಯಾಟರಿ ಮತ್ತು ಸಿಮ್ ಇರುವ ಸೆನ್ಸರ್ ಕೊಳ್ಳಿ, ಇಲ್ಲವಾದರೆ ರೂಟರನ್ನು ಯುಪಿಎಸ್‌ಗೆ ಸೇರಿಸಿ. ಸುದ್ದಿ ನಿಮ್ಮೊಬ್ಬರಿಗೇ ಬರುವುದು ಬೇಡ, ಅಂಗಡಿ ಹತ್ತಿರ ಮನೆಯಿರುವ ಇನ್ನೊಬ್ಬರಿಗೂ ಹೋಗಲಿ. ಎರಡು ಸಲ ಸುಮ್ಮನೆ ಕೂಗಿತು ಅಂತ ಅಲಾರಂ ಆಫ್ ಮಾಡಿ ಮಲಗಬೇಡಿ. ಮಿತಿ ದಾಟಿ ಕೆಲವು ನಿಮಿಷ ಹಾಗೇ ಉಳಿದರೆ ಮಾತ್ರ ಕೂಗುವಂತೆ ಸೆಟ್ ಮಾಡಿಸಿ.

ಅಲಾರಂ ಕೂಗಿದಾಗ ಗಾಬರಿಯಿಂದ ಬಾಗಿಲು ತೆಗೆದು ಇಣುಕಬೇಡಿ. ಮೊದಲು ಪ್ಲಗ್, ಫ್ಯೂಸ್, ಬಾಗಿಲಿನ ರಬ್ಬರ್ ನೋಡಿ. ಮುಚ್ಚಿಟ್ಟರೆ ಮನೆಯ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ, ಗಾಜಿನ ಬಾಗಿಲಿನ ಕೂಲರ್ ಅಷ್ಟು ತಡೆಯದು. ಐಸ್ ಬಾಕ್ಸ್ ಮೊದಲೇ ತಯಾರಿರಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಸುಖ? ಮಲ್ಪೆಯಿಂದ ಮೀನು ತರಿಸುವವರು, ದೂರದ ಡೈರಿಯಿಂದ ಪನೀರ್ ತರಿಸುವವರು ಗಾಡಿಯೊಳಗೂ ಒಂದು ಲಾಗರ್ ಇಡಿಸಿ, ಇಳಿಸಿಕೊಳ್ಳುವ ಮುಂಚೆ ದಾರಿಯ ದಾಖಲೆ ನೋಡಿ. ಡೀಸೆಲ್ ಉಳಿಸಲು ದಾರಿಯಲ್ಲಿ ಕೂಲಿಂಗ್ ಆಫ್ ಮಾಡಿದ್ದರೆ ಅದರಲ್ಲೇ ತಿಳಿಯುತ್ತದೆ.

ಕೊನೆಗೆ ಔಷಧಿಯವರಿಗೆ ಒಂದು ಮಾತು. ಬಿಸಿಯಷ್ಟೇ ಶತ್ರುವಲ್ಲ, ಸೊನ್ನೆಗಿಂತ ಕೆಳಗಿನ ಚಳಿಯೂ ಶತ್ರು. ಹೆಪಟೈಟಿಸ್ ಬಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು. ಶೀಶೆಯ ಮೇಲೆ ಬಣ್ಣ ಬದಲಿಸುವ ಗುರುತು ಬಿಸಿಯನ್ನು ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಇನ್ಸುಲಿನ್ ಕೂಡ ಹಾಗೆಯೇ, ಕರಗಿದ ಮೇಲೆ ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಅಲಾರಂ ಮೇಲಿನ ಮಿತಿಗೂ ಇರಲಿ, ಕೆಳಗಿನ ಮಿತಿಗೂ ಇರಲಿ. ದಾಖಲೆಯಲ್ಲಿ ಸೊನ್ನೆಗಿಂತ ಕೆಳಗೆ ಇಳಿದದ್ದು ಕಂಡರೆ ಆ ಇನ್ಸುಲಿನ್ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮಾರಬೇಡಿ ಎಂದು ಬರೆದಂಟಿಸಿ, ಸರಬರಾಜುದಾರರಿಗೆ ಫೋನ್ ಮಾಡಿ. ನಷ್ಟವಾದರೂ ಸರಿ, ರೋಗಿಯ ಕೈಗೆ ಅದನ್ನು ಕೊಡಬೇಡಿ.