ರೊಕ್ಕ ಬಂತೆಂದು ಯಾರು ಹೇಳಬೇಕು?

ಮೊಬೈಲಿನಲ್ಲಿ ಸಾಮಾನು ಮಾರಲು ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ರೊಕ್ಕ ಬಂತು ಎಂದು ನಿಮಗೆ ಹೇಳುವವರು ಯಾರು? "ಕೊಳ್ಳೋರು ಸ್ಕ್ರೀನ್‌ಶಾಟ್ ಕಳಿಸ್ತಾರ್ರಿ" ಎಂದು ಕೆಲವರು, "ಮೆಸೇಜ್ ಬರ್ತದಲ್ಲ" ಎಂದು ಕೆಲವರು ಉತ್ತರಿಸುತ್ತಾರೆ. ಮೋಸ ಮಾಡುವವರು ಕಾಯುತ್ತಿರುವುದು ಇದೇ ಎರಡು ಉತ್ತರಗಳಿಗಾಗಿ. ಸ್ಕ್ರೀನ್‌ಶಾಟ್ ಬರುವುದು ಕೊಳ್ಳುವವರ ಕೈಯಿಂದ. ಮೆಸೇಜನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ರೊಕ್ಕ ಬಂದಿದೆ ಎಂದು ಹೇಳುವ ಅಧಿಕಾರ ಇರುವುದು ನಿಮ್ಮ ಬ್ಯಾಂಕ್ ಖಾತೆಗೆ ಮಾತ್ರ. ಅದನ್ನು ನೀವೇ ತೆರೆದು ನೋಡಬೇಕು. ಇಷ್ಟು ಮನಸ್ಸಿಗೆ ಹತ್ತಿದರೆ ಉಳಿದ ಪಾಠವೆಲ್ಲ ಸಲೀಸು.

ಸಂತೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೋಟು ಎಣಿಸಿ ಜೇಬಿಗೆ ಇಳಿಸುವವರೆಗೆ ಎತ್ತಿನ ಹಗ್ಗ ಮಾರುವವನ ಕೈಯಲ್ಲೇ ಇರುತ್ತದೆ. ಕೊಳ್ಳುವವನ ಊರು ಗೊತ್ತು, ನಡುವೆ ದಲಾಲಿ ಇದ್ದಾನೆ, ಸುತ್ತ ನಾಲ್ಕು ಜನ ನೋಡುತ್ತಿರುತ್ತಾರೆ. ಫೋನಿನ ವ್ಯಾಪಾರದಲ್ಲಿ ಊರಿಲ್ಲ, ದಲಾಲಿ ಇಲ್ಲ, ಸಾಕ್ಷಿಗಳೂ ಇಲ್ಲ. ಆ ಮೂರರ ಕೆಲಸವನ್ನೂ ಮಾರುವವರು ಒಬ್ಬರೇ ಮಾಡಿಕೊಳ್ಳಬೇಕು. ಹಾಗೆಂದು ಫೋನಿನಲ್ಲಿ ಕೊಳ್ಳುವವರನ್ನೆಲ್ಲ ಕಳ್ಳರೆಂದು ನೋಡಬೇಡಿ. ಪ್ರಾಮಾಣಿಕರಾದವರು ನಿಮ್ಮ ಎಚ್ಚರಿಕೆಗೆ ಸಿಟ್ಟಾಗುವುದಿಲ್ಲ, ಐದು ನಿಮಿಷ ಕಾಯುತ್ತಾರೆ.

ಮೊದಲು ಕ್ಯೂಆರ್ ಕೋಡ್ ವಿಷಯ ನೋಡೋಣ. ಹಳೆಯ ಫ್ರಿಜ್ಜೋ ಹೊಲಿಗೆ ಯಂತ್ರವೋ ಮಾರಾಟಕ್ಕಿದೆ ಎಂದು ಓಎಲ್‌ಎಕ್ಸ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಹಾಕುತ್ತೀರಿ. ಗಂಟೆಯೊಳಗೆ ಫೋನ್ ಬರುತ್ತದೆ. ಮಾತು ಹಿಂದಿಯಲ್ಲಿ. ಬೆಲೆಯಲ್ಲಿ ಚೌಕಾಸಿ ಇಲ್ಲ, ಸಾಮಾನು ನೋಡಬೇಕೆಂಬ ಹಟವೂ ಇಲ್ಲ. ಆಗಲೇ ಅನುಮಾನ ಬರಬೇಕು. ನಮ್ಮ ಕಡೆ ಚೌಕಾಸಿ ಮಾಡದೆ ಹಳೆಯ ಕುರ್ಚಿಯನ್ನೂ ಯಾರು ಒಯ್ಯುತ್ತಾರೆ? ಆಮೇಲೆ ಆತ ತಾನು ಸೈನ್ಯದಲ್ಲಿದ್ದೇನೆ ಎನ್ನುತ್ತಾನೆ, ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾನೆ. ಈ ವೇಷ ದೇಶದ ತುಂಬ ಓಡಾಡಿದೆ. ಬೀದರ್‌ನಲ್ಲಿ ಅದಕ್ಕೆ ಮರುಳಾಗುವುದು ಇನ್ನೂ ಸುಲಭ. ವಾಯುಪಡೆಯ ನೆಲೆ ನಮ್ಮ ಊರಿನಲ್ಲೇ ಇದೆ, ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಬೆಳೆದವರು ನಾವು, ಆ ಸಮವಸ್ತ್ರದ ಮೇಲಿನ ಗೌರವ ನಿಜವಾದದ್ದು. "ವರ್ಗ ಆಗಿದೆ, ಮನೆಗೆ ಸಾಮಾನು ಬೇಕು" ಎಂದರೆ ನಂಬುತ್ತೇವೆ. ನಂಬಿಕೆ ಕುದುರಿದ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ: "ಇದನ್ನು ಸ್ಕ್ಯಾನ್ ಮಾಡಿ, ಪಿನ್ ಹಾಕಿ, ರೊಕ್ಕ ನಿಮ್ಮ ಖಾತೆಗೆ ಬೀಳುತ್ತದೆ."

ಇಲ್ಲಿ ನಿಧಾನವಾಗಿ ಓದಿ. ಕ್ಯೂಆರ್ ಕೋಡ್ ಎಂದರೆ ರೊಕ್ಕ ಪಡೆಯುವವರ ವಿಳಾಸ. ಸ್ಕ್ಯಾನ್ ಮಾಡುವವರು ಕೊಡುವವರು. ಯುಪಿಐ ಪಿನ್ ಹಾಕುವುದು ಎಂದರೆ ನಿಮ್ಮ ಖಾತೆಯಿಂದ ರೊಕ್ಕ ಹೊರಗೆ ಹೋಗಲಿ ಎಂದು ಬ್ಯಾಂಕಿಗೆ ಅಪ್ಪಣೆ ಕೊಡುವುದು. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಕೂಡ ಪಿನ್ ಬೇಕು, ಅದು ಬೇರೆ ಮಾತು. ಆದರೆ ಬರುವ ರೊಕ್ಕಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಓಟಿಪಿ ಬೇಡ, ನಿಮ್ಮ ಕಡೆಯಿಂದ ಏನೂ ಬೇಡ. ನಿಮ್ಮ ಯುಪಿಐ ಐಡಿಯನ್ನೋ ನಿಮ್ಮದೇ ಕ್ಯೂಆರ್ ಕೋಡನ್ನೋ ಅವರಿಗೆ ಕಳಿಸಿ, ಕೆಲಸ ಮುಗಿಯಿತು. ಹಿಂದೆ "ಹಣ ಕೋರಿಕೆ" ಕಳಿಸಿ ಒಪ್ಪಿಗೆ ಒತ್ತಿಸುವ ಇನ್ನೊಂದು ದಾರಿಯೂ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಬ್ಯಾಂಕುಗಳಿಗೆ ಸೂಚಿಸಿತು. ಕ್ಯೂಆರ್ ಕೋಡಿನ ದಾರಿ ಮಾತ್ರ ತೆರೆದೇ ಇದೆ.

ಓದು ಬರಹ ಬಲ್ಲವರು ಇದಕ್ಕೆ ಸಿಗುವುದಿಲ್ಲ ಎಂದುಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ ದೆಹಲಿಯ ಮುಖ್ಯಮಂತ್ರಿಯ ಕುಟುಂಬದಲ್ಲೇ ಇದು ನಡೆಯಿತು. ಹಳೆಯ ಸೋಫಾ ಮಾರಾಟಕ್ಕಿತ್ತು. ಕೊಳ್ಳುವವನು ಮೊದಲು ಸಣ್ಣ ಮೊತ್ತ ಕಳಿಸಿ ನಂಬಿಸಿದ. ಆಮೇಲೆ ಬಂದ ಕೋಡ್ ಸ್ಕ್ಯಾನ್ ಮಾಡಿದಾಗ 20,000 ರೂಪಾಯಿ ಹೋಯಿತು. "ತಪ್ಪು ಕೋಡ್ ಹೋಗಿದೆ, ಇದನ್ನು ಸ್ಕ್ಯಾನ್ ಮಾಡಿದರೆ ವಾಪಸ್ ಬರುತ್ತದೆ" ಎಂದು ಇನ್ನೊಂದು ಕಳಿಸಿದ. ಮತ್ತೆ 14,000 ಹೋಯಿತು. ಈ ಎರಡನೆಯ ಹೆಜ್ಜೆಯನ್ನು ಗಮನಿಸಿ. ಕಳೆದದ್ದು ಮರಳಿ ಬರಲಿ ಎಂಬ ಗಾಬರಿಯಲ್ಲೇ ಇನ್ನಷ್ಟು ಕಳೆಯುತ್ತದೆ. ಮೊದಲ ಸಲ ರೊಕ್ಕ ಕಡಿತವಾದ ಕೂಡಲೇ ಆ ಮನುಷ್ಯನೊಂದಿಗೆ ಮಾತು ನಿಲ್ಲಿಸಬೇಕು. ಮುಂದಿನ ಫೋನ್ ಸೈಬರ್ ಸಹಾಯವಾಣಿ 1930ಕ್ಕೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇದರ ಅಣ್ಣತಮ್ಮ ಇನ್ನೊಂದಿದೆ. "2,000 ಕಳಿಸೋ ಕಡೆ 20,000 ಹೋಗಿಬಿಟ್ಟದ ಅಕ್ಕಾ, ಆಸ್ಪತ್ರೆಗೆ ಇಟ್ಟಿದ್ದ ರೊಕ್ಕ, 18,000 ತಿರುಗಿ ಹಾಕ್ರಿ." ಜೊತೆಗೆ ಜಮಾ ಆದಂತೆ ಒಂದು ಮೆಸೇಜ್. ಮೆಸೇಜ್ ಎಲ್ಲಿಂದ ಬಂದಿದೆ ನೋಡಿ. ಬ್ಯಾಂಕಿನ ಮೆಸೇಜ್ ಅಕ್ಷರಗಳ ಹೆಸರಿನಿಂದ ಬರುತ್ತದೆ, ಹತ್ತಂಕಿಯ ಮೊಬೈಲ್ ನಂಬರಿನಿಂದಲ್ಲ. ಅದನ್ನೂ ಪಕ್ಕಕ್ಕಿಟ್ಟು ಖಾತೆ ತೆರೆದು ನೋಡಿ. ನಿಜವಾಗಿಯೂ ಹೆಚ್ಚು ಬಂದಿದ್ದರೆ ನೀವಾಗಿ ಕಳಿಸಬೇಡಿ, ಬ್ಯಾಂಕಿಗೆ ಹೋಗಿ ತಿಳಿಸಿ, ವಾಪಸಾತಿ ಬ್ಯಾಂಕಿನ ಮೂಲಕವೇ ಆಗಲಿ. ಇನ್ನು ಹಳ್ಳಿಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ದಿನದ ಪಾಡು. "ನಿಮ್ಮ ಕಡೆ ಸರ್ವರ್ ಡೌನ್ ಅದ, ಸಂಜಿಗೆ ಬೀಳ್ತದ" ಎಂದರೆ ಸಾಮಾನೂ ಸಂಜೆಗೇ ಹೋಗಲಿ. ಬಾಗಿಲಿಗೆ ಬಂದು ನಿಂತವರಿಗೆ ಹೀಗೆ ಹೇಳಿ: "ಅಣ್ಣಾ, ರೊಕ್ಕ ಖಾತೆದಾಗ ಬಂದಿದ್ದು ನೋಡಿ ಕೊಡ್ತೀನ್ರಿ. ಕುಂದ್ರಿ, ಚಾ ಕುಡೀರಿ." ಮರ್ಯಾದೆಯೂ ಉಳಿಯಿತು, ಸಾಮಾನೂ ಉಳಿಯಿತು. ಇದು ಬರೀ ಜಾಣತನವಲ್ಲ, ನಿಮ್ಮ ಹಕ್ಕು. ಉದ್ರಿ ಇಲ್ಲದೆ ಮಾರಿದ ಸರಕನ್ನು, ಬೆಲೆ ಕೈಸೇರುವವರೆಗೆ ತನ್ನ ವಶದಲ್ಲೇ ಇಟ್ಟುಕೊಳ್ಳಲು ಮಾರುವವರಿಗೆ ಸರಕು ಮಾರಾಟ ಕಾಯ್ದೆಯ 47ನೇ ಕಲಂ ಅವಕಾಶ ಕೊಡುತ್ತದೆ. ಆ ಕಾಯ್ದೆ 1930ನೆಯ ಇಸವಿಯದು. ಸೈಬರ್ ಸಹಾಯವಾಣಿಯ ನಂಬರೂ ಅದೇ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ನೆನಪಿಡಬಹುದು.

ಬೀದರ್‌ನ ಬಿದ್ರಿ ಕೆಲಸದವರ ಕಷ್ಟ ಬೇರೆ ಬಗೆಯದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸಿದ ಒಂದು ಹೂದಾನಿ ದೂರದ ಊರಿಗೆ ಕೊರಿಯರ್‌ನಲ್ಲಿ ಹೋಗುತ್ತದೆ. ಕೆಲವು ದಿನಗಳ ಮೇಲೆ "ಸರಿಯಿಲ್ಲ, ವಾಪಸ್" ಎಂದು ಡಬ್ಬ ಮರಳುತ್ತದೆ. ಬಿಚ್ಚಿದರೆ ಒಳಗೆ ಬೇರೆಯದೇ ಅಗ್ಗದ ತುಂಡು, ಇಲ್ಲವೆ ಬೆಳ್ಳಿ ಕಿತ್ತ ಹಳೆಯ ಪಾತ್ರೆ. ರೊಕ್ಕ ಬಂದಿತ್ತು, ಆದರೂ ಮೋಸವಾಯಿತು. ಮಾರುಕಟ್ಟೆ ಆ್ಯಪ್‌ಗಳು ಕೊಳ್ಳುವವರಿಗೆ ವಾಪಸಾತಿಯ ಅವಕಾಶ ಕೊಡುತ್ತವೆ. ನಿಮ್ಮ ತಕರಾರಿಗೆ ಅವರು ಕೇಳುವುದು ಪುರಾವೆ. ಪುರಾವೆ ಡಬ್ಬ ಕಟ್ಟುವ ಮೊದಲೇ ಹುಟ್ಟಬೇಕು. ವಸ್ತುವನ್ನು ತಕ್ಕಡಿಯಲ್ಲಿಟ್ಟು ಗ್ರಾಂ ತೂಕ ಕಾಣಿಸಿ, ತಳವನ್ನು ಹತ್ತಿರದಿಂದ ತೋರಿಸಿ, ಡಬ್ಬದಲ್ಲಿಟ್ಟು ಟೇಪ್ ಹಚ್ಚಿ, ಮೇಲಿನ ವಿಳಾಸದ ಚೀಟಿ ಕಾಣುವವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ವಿಡಿಯೊ ಮಾಡಿ. ವಾಪಸ್ ಬಂದ ಡಬ್ಬ ಬಿಚ್ಚುವಾಗಲೂ ಅಷ್ಟೇ, ಕೊರಿಯರ್ ಹುಡುಗ ಬಾಗಿಲಲ್ಲಿರುವಾಗಲೇ ಆದರೆ ಇನ್ನೂ ಒಳ್ಳೆಯದು. ಕೈಯಿಂದ ಕೊರೆದ ಎರಡು ತುಂಡುಗಳ ಗೆರೆ ಎಂದೂ ಒಂದೇ ಆಗಿರುವುದಿಲ್ಲ. ಯಂತ್ರದ ಸರಕು ಮಾರುವವರಿಗೆ ಇಲ್ಲದ ಬಲ ಇದು. ತಳದಲ್ಲಿ ನಿಮ್ಮದೊಂದು ಸಣ್ಣ ಗುರುತನ್ನೂ ಕೊರೆಯಿರಿ, ಆದರೆ ಅದರ ಫೋಟೊ ಜಾಹೀರಾತಿನಲ್ಲಿ ಹಾಕಬೇಡಿ.

ಹೇಳಿ ಮಾಡಿಸುವ ಕೆಲಸಕ್ಕೆ ಅರ್ಧ ಮುಂಗಡ ಪಡೆಯದೆ ಬೆಳ್ಳಿಗೆ ಕೈಹಾಕಬೇಡಿ. ಹೆಸರು ಕೊರೆದ ತಟ್ಟೆಯನ್ನು ಆ ಮನುಷ್ಯ ಬಿಟ್ಟರೆ ಮತ್ತೊಬ್ಬರು ಕೊಳ್ಳುವುದಿಲ್ಲ. "ಬಂದ ಮೇಲೆ ರೊಕ್ಕ ಕೊಡ್ತೀನಿ" ಎನ್ನುವವರಿಗೆ ಅಂಚೆ ಇಲಾಖೆಯ ವಿ.ಪಿ. ಪಾರ್ಸೆಲ್ ಎಂಬ ಹಳೆಯ ಒಳ್ಳೆಯ ದಾರಿ ಇದೆ. ಅಂಚೆಯವರು ಬೆಲೆ ವಸೂಲಿ ಮಾಡಿಕೊಂಡೇ ಪಾರ್ಸೆಲ್ ಕೈಗಿಡುತ್ತಾರೆ, ಆ ರೊಕ್ಕ ನಿಮಗೆ ತಲುಪುತ್ತದೆ. ಆತ ಬೇಡವೆಂದರೆ ಹೋಗಿಬರುವ ಖರ್ಚು ನಿಮ್ಮದು, ಸಾಮಾನು ಮಾತ್ರ ಸುರಕ್ಷಿತ.

ಭಾಲ್ಕಿಯಿಂದ ಬರುವ ಪ್ರಶ್ನೆಗಳಲ್ಲಿ ಹಳೆಯ ಬೈಕಿನವು ಹೆಚ್ಚು. "ಒಂದು ರೌಂಡ್ ಓಡಿಸಿ ನೋಡ್ತೀನಿ" ಎಂದು ಹೋದವನು ತಿರುಗಿ ಬರದೇ ಇರುವುದು ಎಲ್ಲ ಕಡೆ ನಡೆದ ಮೋಸ. ಹಿಂದೆ ನೀವೂ ಕುಳಿತುಕೊಳ್ಳಿ, ಒಪ್ಪದಿದ್ದರೆ ವ್ಯಾಪಾರ ಬೇಡ. ಇದಕ್ಕಿಂತ ದೊಡ್ಡ ಅಪಾಯ ಮಾರಿದ ಮೇಲಿನದು. ಪೂರ್ತಿ ರೊಕ್ಕ ಕೊಟ್ಟವನು "ಹೆಸರು ಆಮೇಲೆ ಬದಲಿಸ್ತೀನಿ" ಎಂದು ಹೋಗಿ ಸುಮ್ಮನಾಗುತ್ತಾನೆ. ಬೀದರ್‌ನ ಕೆಎ 38 ಇರಲಿ, ಭಾಲ್ಕಿಯ ಕೆಎ 39 ಇರಲಿ, ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಅಪಘಾತದ ಪರಿಹಾರದ ಹೊಣೆಯೂ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ ಬಿದ್ದ ಮೇಲೆಯೇ ಕೀಲಿ ಕೊಡಿ. ರಾಜ್ಯದೊಳಗೆ ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಕೊಂಡವರ ಮೇಲೆ ಬಿಡಬೇಡಿ, ನೀವೇ ಹೋಗಿ. ಗಾಡಿ ಉದಗೀರ್‌ಗೋ ಜಹೀರಾಬಾದ್‌ಗೋ ಹೋಗುವುದಾದರೆ ರಾಜ್ಯ ದಾಟುತ್ತದೆ, ಎನ್‌ಒಸಿ ಬೇಕಾಗುತ್ತದೆ.

ಔರಾದ್ ಕಡೆಯವರು ದೇವಣಿ ಎತ್ತು, ಎಮ್ಮೆಗಳ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕುತ್ತಾರೆ. ತಳಿಗೆ ಹೆಸರು ಕೊಟ್ಟ ದೇವಣಿ ಗಡಿಯಾಚೆ ಲಾತೂರ್ ಜಿಲ್ಲೆಯ ಊರು, ಕೊಳ್ಳುವವರೂ ಬಹಳ ಸಲ ಆಚೆಯವರೇ. ಇಲ್ಲಿ "ಗಾಡಿ ಬಾಡಿಗೆ ನೀವು ಹಾಕ್ರಿ, ಎಮ್ಮಿ ರೊಕ್ಕದಾಗ ಕೂಡಿಸಿ ಕೊಡ್ತೀವಿ" ಎನ್ನುವವರು ಬರುತ್ತಾರೆ. ಮಾರುವವರು ರೊಕ್ಕ ಕೊಡಬೇಕಾದ ವ್ಯಾಪಾರ ಯಾವುದೂ ಇಲ್ಲ. ಬಾಡಿಗೆ, ಪಾಸ್, ಖಾತೆ ಪರೀಕ್ಷೆ ಎಂದು ಯಾವ ಹೆಸರಿಟ್ಟರೂ ಅದು ಮೋಸವೇ. ಮಾರುವ ಚೀಟಿಯಲ್ಲಿ ದನದ ಕಿವಿಯ ಬಿಲ್ಲೆಯ 12 ಅಂಕಿಯ ನಂಬರ್, ಕೊಂಡವರ ಹೆಸರು, ಫೋನ್, ಗಾಡಿಯ ನಂಬರ್ ಬರೆದು ಇಬ್ಬರೂ ಸಹಿ ಮಾಡಿ. ದೊಡ್ಡ ಮೊತ್ತದ ನಗದು ಇದ್ದರೆ ಹಗಲಿನಲ್ಲಿ ಬ್ಯಾಂಕಿನ ಶಾಖೆಯಲ್ಲೇ ಎಣಿಸಿಕೊಳ್ಳಿ. ಖೋಟಾ ನೋಟಿನ ಚಿಂತೆಯೂ ಅಲ್ಲೇ ಕಳೆಯುತ್ತದೆ.

ಇಷ್ಟಾದರೂ ಮೋಸವಾದರೆ ಅವಮಾನವೆಂದು ಮುಚ್ಚಿಡಬೇಡಿ. ತಪ್ಪು ಮೋಸ ಮಾಡಿದವನದು. ಮನೆಯವರಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತ ಕೂತ ಹೊತ್ತಿನಲ್ಲೇ ರೊಕ್ಕ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ಕೂಡಲೇ 1930ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಈ ವ್ಯವಸ್ಥೆ, ರೊಕ್ಕ ಮುಂದಿನ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡಿಯಲು ಆ ಬ್ಯಾಂಕಿಗೆ ತಿಳಿಸುತ್ತದೆ. ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ನೀವೇ ಪಿನ್ ಹಾಕಿದ್ದರೆ ಆವರೆಗಿನ ನಷ್ಟ ನಿಮ್ಮದು, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂಬುದು ರಿಸರ್ವ್ ಬ್ಯಾಂಕಿನ 2017ರ ನಿಯಮ. ಚಾಟ್ ಅಳಿಸಬೇಡಿ, ನಂಬರ್ ಬ್ಲಾಕ್ ಮಾಡುವ ಮೊದಲು ಎಲ್ಲದರ ಚಿತ್ರ ತೆಗೆದಿಡಿ.

ಲಿಖಿತ ದೂರಿಗೆ ಬೀದರ್‌ನಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ ಇದೆ. ಔರಾದ್‌ನವರು ಮೊದಲು ತಮ್ಮ ಠಾಣೆಗೇ ಹೋಗಬಹುದು. ಕೃತ್ಯ ಎಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ವಂಚನೆಗೆ ನ್ಯಾಯ ಸಂಹಿತೆಯ 318ನೇ ಕಲಂ, ಫೋನು ಕಂಪ್ಯೂಟರಿನ ಮೂಲಕ ವೇಷ ಹಾಕಿ ಮೋಸ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಇವೆ. ಗ್ರಾಹಕರ ಆಯೋಗಕ್ಕೆ ಮಾತ್ರ ಅಲೆಯಬೇಡಿ, ಅದು ಕೊಂಡವರ ದೂರಿಗೆ ಇರುವ ಬಾಗಿಲು, ಕೊಂಡವರ ಮೇಲೆ ಮಾರಿದವರು ದೂರುವ ಜಾಗವಲ್ಲ.

ಕೊನೆಗೆ, ಹೊಸಬರು ಯಾರೂ ಊಹಿಸದ ಒಂದು ತೊಡಕು. ರೊಕ್ಕ ನಿಜವಾಗಿ ಬಂದಿರುತ್ತದೆ, ಸಾಮಾನು ಹೋಗಿರುತ್ತದೆ, ಸ್ವಲ್ಪ ದಿನದ ಮೇಲೆ ನಿಮ್ಮ ಖಾತೆಯೇ ಸ್ಥಗಿತವಾಗುತ್ತದೆ. ಕೊಂಡವನು ಮತ್ತೊಬ್ಬರಿಂದ ಕದ್ದ ರೊಕ್ಕದಲ್ಲಿ ನಿಮಗೆ ಬೆಲೆ ತೆತ್ತಿರುತ್ತಾನೆ, ಕಳೆದುಕೊಂಡವರು 1930ಕ್ಕೆ ದೂರು ಕೊಟ್ಟಿರುತ್ತಾರೆ, ಜಾಡು ನಿಮ್ಮ ಖಾತೆಗೆ ಬಂದು ನಿಂತಿರುತ್ತದೆ. ಆಗ ಬ್ಯಾಂಕಿನಿಂದ ಯಾವ ರಾಜ್ಯದ ಯಾವ ಠಾಣೆ, ದೂರಿನ ಸಂಖ್ಯೆ ಏನು ಎಂದು ಕೇಳಿ ಪಡೆಯಿರಿ. ಜಾಹೀರಾತು, ಮಾತುಕತೆ, ಬಿಲ್ಲು, ಡಬ್ಬ ಕಟ್ಟಿದ ವಿಡಿಯೊ, ಕೊರಿಯರ್ ರಸೀದಿ ಜೋಡಿಸಿ ಆ ಠಾಣೆಗೂ ಬ್ಯಾಂಕಿಗೂ ಬರೆದು ಕೊಡಿ. ದೂರಿನ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡುಗಡೆ ಮಾಡಿ ಎಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಖಾತೆದಾರರ ಹೆಸರು ಒಂದು, ಕೊಳ್ಳುವವನ ಹೆಸರು ಇನ್ನೊಂದು ಎಂದು ರೊಕ್ಕ ಬಂದಾಗಲೇ ಕಂಡರೆ, ಸಾಮಾನು ಕೊಡುವ ಮೊದಲು ಆ ಮಾತು ಕೇಳಿಬಿಡಿ.